ಗೋಡೆಗೆ ಬೆನ್ನು ಕೊಟ್ಟವರು

ನನ್ನ ತಂಗಿಯ ಬಾಯಿಯಿಂದ ಕೆಸರು ತೆಗೆದವಳು ನಾನು. ಬೆರಳು ಹಾಕಿ ತೋಡಿ ತೋಡಿ ತೆಗೆದೆ. ತೆಗೆದಷ್ಟೂ ಬರುತ್ತಿತ್ತು. ಬೂದು ಬಣ್ಣದ ನುಣ್ಣನೆಯ ಕೆಸರು, ಹಲ್ಲಿನ ಸಂದಿಯಲ್ಲಿ, ನಾಲಿಗೆಯ ಕೆಳಗೆ, ಗಂಟಲಿನ ಒಳಗೆ. ಬದುಕಿದ್ದಾಗ ಆ ಬಾಯಿ ಒಂದು ಗಳಿಗೆ ಸುಮ್ಮನಿದ್ದದ್ದಿಲ್ಲ. ಹಗ್ಗಕ್ಕೆ ನೇತುಬಿದ್ದು ಕೆಲಸ ಮಾಡುವಾಗಲೂ ಮೇಲಿನಿಂದ ಯಾರನ್ನಾದರೂ ಕಿಚಾಯಿಸುತ್ತಲೇ ಇರುತ್ತಿತ್ತು. ಅದನ್ನು ಮುಚ್ಚಿಸಲು ಒಂದು ಹೊಂಡವೇ ಬೇಕಾಯಿತು.

ಅವಳೇ ಗೋಡೆ ಕೆಡವಿದಳು ಅಂತ ಈಗ ಹೇಳುತ್ತಿದ್ದಾರೆ. ಸತ್ತವಳು ಎದ್ದು ಬಂದು ಬೈಯುವುದಿಲ್ಲವಲ್ಲ, ಆ ಧೈರ್ಯ. ನಾನು ಸತ್ತಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ನಮ್ಮದು ಅದಿರು ತೊಳೆಯುವ ಕಾರ್ಖಾನೆ. ನಮ್ಮದು ಅಂದೆನಾ? ನಾಲಿಗೆಯ ರೂಢಿ. ಕಾರ್ಖಾನೆ ಅವರದ್ದು, ಅದರ ಕೊಳೆ ಮಾತ್ರ ನಮ್ಮದು. ತೊಳೆದ ಅದಿರು ಲಾರಿ ಹತ್ತಿ ಹೋಗುತ್ತದೆ. ತೊಳೆದ ನೀರು ಗುಡ್ಡದ ಇಳಿಜಾರಿನ ಹೊಂಡಕ್ಕೆ ಬಂದು ಬೀಳುತ್ತದೆ. ಆ ಹೊಂಡ ಜಾರಿ ಬರದಂತೆ ಅಡ್ಡಲಾಗಿ ಒಂದು ಉದ್ದನೆಯ ಕಾಂಕ್ರೀಟು ಗೋಡೆ. ತಲೆ ಎತ್ತಿ ನೋಡಿದರೆ ಕತ್ತು ನೋಯುವಷ್ಟು ಎತ್ತರ. ಗೋಡೆಯ ಬುಡದಲ್ಲಿ ಒಂದು ಅಂಗಳ, ಅಂಗಳದ ಈಚೆ ಸಾಲಾಗಿ ತಗಡಿನ ರೂಮುಗಳು. ನಾವು ಇರುವುದು ಅಲ್ಲಿ. ಬಾಗಿಲು ತೆರೆದರೆ ಗೋಡೆ. ಆಕಾಶ ನೋಡಬೇಕೆಂದರೆ ಅಂಗಳಕ್ಕೆ ಬಂದು ಮುಖ ಮೇಲೆ ಮಾಡಬೇಕು.

ಗೋಡೆಯ ಬುಡದ ಉದ್ದಕ್ಕೂ ಮುಷ್ಟಿ ಹೋಗುವಷ್ಟು ತೂತುಗಳಿದ್ದವು. ಹಿಂದೆ ನಿಂತ ನೀರು ಅವುಗಳಿಂದ ಸೋರುತ್ತಿತ್ತು. ವರ್ಷವಿಡೀ ಸೋರುತ್ತಿತ್ತು. ಅಂಗಳ ಎಂದೂ ಒಣಗಿದ್ದೇ ಇಲ್ಲ. ಮಕ್ಕಳ ಕಾಲ್ಬೆರಳ ಸಂದಿ ಕೊಳೆತು ಹುಣ್ಣಾಗುತ್ತಿತ್ತು. ಅವ್ವ ಜಾರಿ ಬಿದ್ದು ಸೊಂಟ ಮುರಿದುಕೊಂಡದ್ದು ಅದೇ ಕೆಸರಲ್ಲಿ. ಆ ತೂತುಗಳಿಗೆ ನಾವು ಬೆಳಿಗ್ಗೆ ಎದ್ದು ಶಾಪ ಹಾಕದ ದಿನವಿಲ್ಲ.

ಗೋಡೆ ಗಟ್ಟಿಯಾಗಿದೆ ಎಂಬ ಸರ್ಟಿಫಿಕೇಟ್ ಇದ್ದರೆ ಮಾತ್ರ ಹೊಂಡವನ್ನು ಅಂಚಿನವರೆಗೆ ತುಂಬಬಹುದು. ಮೊದಲು ಅದಕ್ಕೆ ಒಬ್ಬ ಸಾಹೇಬರು ಬಂದು ಸುತ್ತಿಗೆಯಿಂದ ಅಲ್ಲಲ್ಲಿ ಕುಟ್ಟಿ ನೋಡುತ್ತಿದ್ದರು. ಆಮೇಲೆ ಹಾರುವ ಕ್ಯಾಮೆರಾ ಬಂತು. ಗುಂಯ್ ಅನ್ನುತ್ತಾ ಗೋಡೆಯ ಮುಂದೆ ಓಡಾಡುತ್ತಿತ್ತು. ನಾವು ಅದಕ್ಕೆ ನೊಣ ಎಂದು ಹೆಸರಿಟ್ಟೆವು. ನೊಣ ಗೋಡೆಯ ಫೋಟೋ ತೆಗೆಯುತ್ತದೆ. ಕಂಪ್ಯೂಟರು ಫೋಟೋ ನೋಡಿ ಬಿರುಕು ಹುಡುಕುತ್ತದೆ. ಸಿಕ್ಕಿದ ಬಿರುಕಿಗೆ ಕೆಂಪು ಗೆರೆ ಎಳೆಯುತ್ತದೆ. ಎಲ್ಲೂ ಕೆಂಪಿಲ್ಲದಿದ್ದರೆ ಹಸಿರು. ಹಸಿರು ಬಂದರೆ ಸಾಹೇಬರ ಸಹಿ.

ಗೋಡೆ ರಿಪೇರಿ ಮಾಡುವುದಕ್ಕಿಂತ ಫೋಟೋ ರಿಪೇರಿ ಮಾಡುವುದು ಅಗ್ಗ ಎಂದು ಮ್ಯಾನೇಜರಿಗೆ ಹೊಳೆದದ್ದು ಆಗಲೇ. ನಮಗೆ ಕೆಲಸ ಹುಟ್ಟಿದ್ದೂ ಆಗಲೇ. ನಮ್ಮನ್ನು ಮೆತ್ತುವವರು ಎಂದು ಕರೆಯುತ್ತಾರೆ. ಸಿಮೆಂಟು, ಸುಣ್ಣ, ಬೂದಿ ಕಲಸಿ ಗೋಡೆಯ ಬಣ್ಣಕ್ಕೇ ಸರಿಯಾಗಿ ಹಿಟ್ಟು ಹದ ಮಾಡಿ, ಹಗ್ಗಕ್ಕೆ ನೇತುಬಿದ್ದು ಬಿರುಕಿಗೆ ಮೆತ್ತುವುದು. ಗಾರೆ ಸವರುವ ಕರಣೆ ಹಿಡಿಯುವ ಹಾಗಿಲ್ಲ. ಕರಣೆಯ ಅಂಚು ಗೆರೆ ಬಿಡುತ್ತದೆ, ಗೆರೆ ಕಂಡರೆ ಕಂಪ್ಯೂಟರು ಬಿರುಕು ಅನ್ನುತ್ತದೆ. ಕೈಗವಸು ಹಾಕುವ ಹಾಗಿಲ್ಲ. ಅದರ ಹೊಲಿಗೆಯೂ ಗೆರೆ ಬಿಡುತ್ತದೆ. ಬರಿಗೈಯೇ ಬೇಕು. ಹೆಂಗಸರ ಅಂಗೈ ಸಣ್ಣದು, ಮೆತ್ತಗಿನದು, ಹಗ್ಗಕ್ಕೆ ಭಾರವೂ ಕಡಿಮೆ ಎಂದು ಹೆಂಗಸರನ್ನೇ ಇಟ್ಟುಕೊಂಡರು.

ಸುಣ್ಣ ಚರ್ಮ ತಿನ್ನುತ್ತದೆ. ಮೊದಲು ಸುಡುತ್ತದೆ, ಆಮೇಲೆ ಒಡೆಯುತ್ತದೆ, ಆಮೇಲೆ ಸುಲಿದು ಬರುತ್ತದೆ. ಊಟಕ್ಕೆ ಕೂತರೆ ಉಪ್ಪು ತಾಗಿ ಜೀವ ಬಾಯಿಗೆ ಬರುತ್ತದೆ. ಕೊನೆಗೆ ಅಂಗೈಯಲ್ಲಿ ಒಂದು ಗೆರೆಯೂ ಉಳಿಯುವುದಿಲ್ಲ. ಗೇಟಿನ ಹಾಜರಿ ಮಶೀನು ನಮ್ಮ ಹೆಬ್ಬೆರಳನ್ನು ಗುರುತಿಸುವುದನ್ನೇ ಬಿಟ್ಟಿತು. ದಿನಾ ಮೇಸ್ತ್ರಿಯ ಮುಂದೆ ನಿಂತು ಗೋಗರೆಯಬೇಕು. ಅವನು ಹಲ್ಲು ಕಿರಿದು, ಎಲ್ಲಿ ಮುಟ್ಟಬಾರದೋ ಅಲ್ಲಿ ಮುಟ್ಟಿ, ಒಳಗೆ ಬಿಡುತ್ತಾನೆ. ಒಳಗೆ ಹೋದರೂ ಕ್ಯಾಂಟೀನಿಗೆ ಪ್ರವೇಶವಿಲ್ಲ. ಬೆಂಚು ಬೆಳ್ಳಗಾಗುತ್ತದಂತೆ. ಮೆಟ್ಟಿಲ ಕೆಳಗೆ ಕೂತು ತಿನ್ನುತ್ತಿದ್ದೆವು, ಕಸದ ಡಬ್ಬದ ಪಕ್ಕ.

ಒಂದು ದಿನ ನೊಣ ಹಾರಿಸುವ ಕನ್ನಡಕದವನು ನಮ್ಮನ್ನು ಕರೆದು ಪರದೆ ತೋರಿಸಿದ. ಒಳ್ಳೆಯ ಮನುಷ್ಯನೇ. ನೊಣದ ಬಗ್ಗೆ ಯಾರಾದರೂ ಕೇಳಲಿ ಎಂದು ಆಸೆ ಅವನಿಗೆ. ಪರದೆಯ ಮೇಲೆ ಗೋಡೆ ಇತ್ತು, ಮೇಲಿನಿಂದ ಇಳಿದ ಹಗ್ಗ ಇತ್ತು. ಹಗ್ಗದ ತುದಿಯಲ್ಲಿ ಒಂದು ಬೂದು ಮಚ್ಚೆ ಇತ್ತು.

"ಇದು ನಾನೇ ಅಲ್ವಾ? ಆ ಜಾಗದಲ್ಲಿ ನಾನೇ ನೇತಾಡ್ತಿದ್ದೆ. ಎಲ್ಲಿ ನನ್ನ ಮುಖ?" ಎಂದಳು ತಂಗಿ.

"ಮನುಷ್ಯರು ಅಡ್ಡ ಬಂದ್ರೆ ಅಳಿಸಿಬಿಡುತ್ತೆ," ಎಂದ ಕನ್ನಡಕದವನು. "ಜಡೆ, ಬಟ್ಟೆ ನೆರಿಗೆ, ಇದನ್ನೆಲ್ಲ ಬಿರುಕು ಅಂದ್ಕೋಬಾರ್ದಲ್ಲ, ಅದಕ್ಕೆ. ಅಳಿಸಿದ ಜಾಗ ಲೆಕ್ಕಕ್ಕೇ ಇಲ್ಲ. ಅದಕ್ಕೇ ನಿಮ್ಮನ್ನ ಇಳೀರಿ ಇಳೀರಿ ಅನ್ನೋದು. ಗೋಡೆ ಪೂರ್ತಿ ಕಾಣ್ಲಿಲ್ಲ ಅಂದ್ರೆ ರಿಪೋರ್ಟೇ ಬರಲ್ಲ."

"ಅಯ್ಯೋ, ಇದಕ್ಕೆ ಮಶೀನ್ ಯಾಕೆ ತಂದ್ರಿ? ನಮ್ಮ ಮ್ಯಾನೇಜರು ಬರಿಗಣ್ಣಲ್ಲೇ ಅಳಿಸ್ತಾರೆ."

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಹಿಂದೆ ಮೇಸ್ತ್ರಿ ನಿಂತದ್ದು ನೋಡಿರಲಿಲ್ಲ. ಅವನು ತಂಗಿಯ ಕೆನ್ನೆಗೆ ಹೊಡೆದ ಏಟಿಗೆ ಅವಳ ಕಿವಿಯೋಲೆ ಕಿತ್ತು ಹೋಯಿತು. ಅವಳು ಕಿವಿ ಹಿಡಿದುಕೊಂಡು ನೆಲದಲ್ಲಿ ಓಲೆ ಹುಡುಕುತ್ತಾ, "ಇವನಿಗೆ ಮಾತ್ರ ನಾನು ಸರಿಯಾಗಿ ಕಾಣ್ತೀನಿ ನೋಡಕ್ಕ," ಎಂದಳು. ಅಂಥ ಬಾಯಿ ಅದು.

ಆ ವರ್ಷ ಕಂಪ್ಯೂಟರು ತೂತುಗಳಿಗೂ ಕೆಂಪು ಸುತ್ತು ಹಾಕಿತು. ಗೋಡೆಯ ಬುಡಕ್ಕೆಲ್ಲ ಸಿಡುಬು ಎದ್ದ ಹಾಗೆ ಕಾಣುತ್ತಿತ್ತು. ಮ್ಯಾನೇಜರು ಓಡಿ ಬಂದರು.

"ಸರ್, ಇವು ನೀರು ಹೋಗೋ ತೂತು. ಇರಲೇಬೇಕಾದವು," ಎಂದ ಕನ್ನಡಕದವನು. "ತಪ್ಪು ಮಶೀನಿಂದು. ಸಾಫ್ಟ್‌ವೇರಿಗೆ ಕಲಿಸಬೇಕು. ಸ್ವಲ್ಪ ಟೈಮ್ ಕೊಡಿ."

"ಟೈಮ್ ಎಲ್ಲಿದೆ? ಮುಚ್ಚಿಸ್ರಿ."

"ಸರ್, ಮುಚ್ಚಿದ್ರೆ ಹಿಂದುಗಡೆ ನೀರು..."

"ನೀನು ಕ್ಯಾಮೆರಾ ಹಾರಿಸೋಕೆ ಬಂದಿದ್ದೀಯ. ಹಾರಿಸು."

ಅವನು ಪರದೆ ಮಡಚಿದ. ನಮ್ಮೆದುರಿಗೇ ಮಡಚಿದ. ಮೇಸ್ತ್ರಿ ಹಿಟ್ಟಿನ ಬಕೆಟ್ಟು ತೋರಿಸಿದ. ನಾವು ಮುಚ್ಚಿದೆವು.

ಕುಣಿದು ಕುಣಿದು ಮುಚ್ಚಿದೆವು ಎಂದೇ ಹೇಳಬೇಕು. ಅಂಗಳ ಒಣಗುತ್ತದೆ ಅಂದರೆ ಯಾರಿಗೆ ಬೇಡ? ಚಿಂದಿ ತುರುಕಿ, ಕಲ್ಲು ತುರುಕಿ, ಮೇಲೆ ಅಂಗೈಯಲ್ಲಿ ನುಣ್ಣಗೆ ಮೆತ್ತಿದೆವು. ತಂಗಿಯ ರೂಮಿನ ಎದುರಿನ ಒಂದು ತೂತಿಗೆ ಕಂಪ್ಯೂಟರು ಕೆಂಪು ಸುತ್ತು ಹಾಕಿರಲಿಲ್ಲ. ಮುಂದೆ ಒಗೆದ ಬಟ್ಟೆ ನೇತುಹಾಕಿತ್ತು, ಅದಕ್ಕೆ ಪೂರ್ತಿ ಕಂಡಿರಲಿಲ್ಲ. ತಂಗಿ ಅದನ್ನೂ ಮುಚ್ಚಿದಳು. "ನನ್ನ ಬಾಗಿಲಿನದೊಂದು ಯಾಕೆ ಬಿಡ್ಲಿ, ಅದೇನು ನನ್ನ ನೆಂಟನಾ?" ಎಂದಳು. ಅಂಗಳ ಒಣಗಿತು. ಮೊದಲ ಸಲ ಮಕ್ಕಳು ಅಲ್ಲಿ ಬರಿಗಾಲಲ್ಲಿ ಓಡಿದವು. ತಂಗಿ ಚಾಪೆ ತಂದು ಗೋಡೆಯ ನೆರಳಲ್ಲಿ ಹಾಸಿ ಮಗುವಿಗೆ ತಲೆ ಬಾಚಿದಳು. ಕಂಪ್ಯೂಟರು ಹಸಿರು ತೋರಿಸಿತು. ಹೊಂಡ ಅಂಚಿನವರೆಗೆ ತುಂಬಿತು.

ಗೋಡೆ ಒಡೆದದ್ದು ನಡುಮಧ್ಯಾಹ್ನ. ನಾನು ಗೋಡೆಯ ಆ ತುದಿಯಲ್ಲಿ ಹಗ್ಗದ ಮೇಲಿದ್ದೆ. ತಂಗಿ ಅಂಗಳದ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ಅವಳ ಮಗು ಈಚೆ ಕೊನೆಯಲ್ಲಿ ಅವ್ವನ ರೂಮಿನಲ್ಲಿತ್ತು. ಮೊದಲು ಒಂದು ತೂತಿನ ಮೆತ್ತಿಗೆ ಸಿಡಿದು ಎದುರಿನ ತಗಡಿಗೆ ಬಡಿಯಿತು. ಆಮೇಲೆ ಇನ್ನೊಂದು. ತಂಗಿ ತಲೆ ಎತ್ತಿ ನೋಡಿದ್ದು ನನಗೆ ಕಂಡಿತು. ಓಡೇ ಎಂದು ನಾನು ಬಾಯಿ ಹರಿಯುವಂತೆ ಕೂಗಿದೆ. ಗೋಡೆಯ ಹೊಟ್ಟೆ ಉಬ್ಬಿತು. ಕಾಂಕ್ರೀಟು ಉಬ್ಬುತ್ತದೆಂದು ನನಗೆ ಗೊತ್ತಿರಲಿಲ್ಲ. ಉಬ್ಬಿತು, ಸೀಳಿತು, ಹೊಂಡ ಹೊರಗೆ ಬಂತು.

ನೀರಾಗಿದ್ದರೆ ಈಜಬಹುದಿತ್ತೇನೋ. ಅದು ಕೆಸರು. ನಿಂತವರನ್ನು ನಿಂತಲ್ಲೇ ಹಿಡಿಯಿತು. ತಗಡು ರೂಮುಗಳನ್ನು ಮಡಚಿತು. ಒಳಗಿದ್ದವರ ಕೂಗು ಕೇಳಿತು, ಆಮೇಲೆ ಕೇಳಲಿಲ್ಲ. ನಾನು ಹಗ್ಗ ಹಿಡಿದು ಜಾರಿದೆ. ಅಂಗೈಯಲ್ಲಿ ಉಳಿದಿದ್ದ ಚರ್ಮ ಹಗ್ಗಕ್ಕೆ ಹೋಯಿತು. ಕೆಸರಿಗೆ ಹಾರಿ ಕೈಗೆ ಸಿಕ್ಕಿದ್ದನ್ನು ಎಳೆದೆ. ಒಂದು ಬಾಗಿಲು. ಒಂದು ಹಾಸಿಗೆ. ಯಾರದೋ ಮುದುಕನ ಕಾಲು. ಎಳೆದರೆ ಅವನು ಬರಲಿಲ್ಲ.

ಮಣ್ಣೆತ್ತುವ ಯಂತ್ರ ಬಂತು. ಬಂದದ್ದು ನೇರ ಕಾರ್ಖಾನೆಯ ಕಡೆಗೆ ಹೋಗಿ ಅದಿರು ಸಾಗಿಸುವ ಬೆಲ್ಟಿನ ಮೇಲಿನ ಕೆಸರು ತೆಗೆಯತೊಡಗಿತು. ನಾನು ಓಡಿ ಹೋಗಿ ಮೇಸ್ತ್ರಿಯ ಅಂಗಿ ಹಿಡಿದೆ.

"ಬೆಲ್ಟ್ ಕೆಳಗೆ ಯಾರಿದ್ದಾರೋ?"

"ಬೆಲ್ಟ್ ಇದೆ," ಎಂದ.

ನಾನು ಯಂತ್ರದ ಬಕೆಟ್ಟಿನ ಕೆಳಗೆ ಮಲಗಿದೆ. ಇಬ್ಬರು ಗಾರ್ಡುಗಳು ಬಂದು ಜಡೆ ಹಿಡಿದು ಎಳೆದರು. ಹೊಟ್ಟೆಗೆ ಬೂಟಿನಲ್ಲಿ ಒದ್ದರು. ಯಂತ್ರದವನು ನೋಡುತ್ತಾ ಕೂತಿದ್ದ. ಆಮೇಲೆ ಏನನ್ನಿಸಿತೋ, ಯಂತ್ರ ತಿರುಗಿಸಿ ರೂಮುಗಳ ಕಡೆಗೆ ಓಡಿಸಿದ. ಮೇಸ್ತ್ರಿ ಅವನ ತಾಯಿ ತಂಗಿಯರನ್ನೆಲ್ಲ ಬೈದ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಆ ಬಕೆಟ್ಟಿಗೆ ಹಲ್ಲುಗಳಿದ್ದವು. ಮೊದಲ ಸಲ ಎತ್ತಿದಾಗ ಹಲ್ಲಿಗೆ ಸಿಕ್ಕಿ ಬಂದದ್ದು ನೋಡಿ ಅವನೇ ಇಳಿದು ಬಂದು ವಾಂತಿ ಮಾಡಿಕೊಂಡ. ಅಲ್ಲಿಂದ ಮುಂದೆ ಎಲ್ಲರೂ ಕೈಯಲ್ಲೇ ತೋಡಿದೆವು.

ತಂಗಿಯ ಕೈ ಮೊದಲು ಸಿಕ್ಕಿತು. ಕೆಸರು ಒರೆಸಿ ಅಂಗೈ ನೋಡಿದೆ. ಗೆರೆಯಿಲ್ಲದ ಅಂಗೈ. ಮುಖ ತೆಗೆಯುವ ಮೊದಲೇ ನನಗೆ ಗೊತ್ತಾಯಿತು.

ಹೆಣಗಳು ಇನ್ನೂ ಅಂಗಳದಲ್ಲಿದ್ದಾಗಲೇ ಮ್ಯಾನೇಜರು ಬಂದರು. ಕೆಸರು ಮೆಟ್ಟಬಾರದೆಂದು ಹಲಗೆ ಹಾಸಿದ್ದರು. ಹಲಗೆಯ ಮೇಲೆ ನಿಂತು, ಕಂಪ್ಯೂಟರು ಹಸಿರು ಕೊಟ್ಟಿತ್ತು, ಗೋಡೆಯಲ್ಲಿ ದೋಷವಿರಲಿಲ್ಲ, ಕೆಲಸದವಳೊಬ್ಬಳು ಯಾರನ್ನೂ ಕೇಳದೆ ನೀರು ಹೋಗುವ ತೂತು ಮುಚ್ಚಿದ್ದಾಳೆ, ಅದರಿಂದ ಹೀಗಾಗಿದೆ ಎಂದರು. ಸಾಕ್ಷಿಯೂ ಇತ್ತು. ಎರಡು ಫೋಟೋ. ಒಂದರಲ್ಲಿ ತಂಗಿಯ ಬಾಗಿಲಿನೆದುರು ಬಟ್ಟೆಯ ಅಂಚಿನಿಂದ ತೂತು ಇಣುಕುತ್ತಿದೆ, ಕೆಂಪು ಸುತ್ತಿಲ್ಲ. ಇನ್ನೊಂದರಲ್ಲಿ ತೂತೇ ಇಲ್ಲ. ಅದನ್ನು ಮುಚ್ಚಲು ಯಾರೂ ಹೇಳಿರಲಿಲ್ಲ, ಅಲ್ಲವೇ? ಹೇಳಿರಲಿಲ್ಲ.

ಉಳಿದ ತೂತುಗಳ ಫೋಟೋ ಅವರು ತರಲಿಲ್ಲ. ಬದುಕಿದ್ದಾಗ ನನ್ನ ತಂಗಿಯನ್ನು ಅಳಿಸಿದ ಮಶೀನು ಸತ್ತ ಮೇಲೆ ಅವಳನ್ನು ಹಿಡಿದುಕೊಟ್ಟಿತು.

"ಎಲ್ಲಾ ತೂತು ಮುಚ್ಚಿಸಿದ್ದು ನೀವು!" ಎಂದು ಕೂಗಿದೆ. ಗಾರ್ಡು ನನ್ನ ಬಾಯಿಗೆ ಕೈ ಒತ್ತಿ ಹಿಂದಕ್ಕೆ ನೂಕಿದ. ಕನ್ನಡಕದವನ ಕಡೆ ನೋಡಿದೆ. ಅವನು ನೊಣದ ರೆಕ್ಕೆ ಒರೆಸುತ್ತಿದ್ದ.

ಮಾತು ಬೆಂಕಿ ಹತ್ತಿದ ಹಾಗೆ ಸಾಲಿನ ಉದ್ದಕ್ಕೂ ಹೋಯಿತು. ಪಕ್ಕದ ರೂಮಿನವಳು ಬೆಲ್ಟಿನಲ್ಲಿ ಕೆಲಸ ಮಾಡುವವಳು, ಗೋಡೆಯ ಕೆಲಸ ಅವಳಿಗೆ ಗೊತ್ತಿಲ್ಲ. ಅವಳ ಗಂಡ ಕೆಸರಲ್ಲಿ ಹೋಗಿದ್ದ. ಅವಳು ಬಂದು ಅವ್ವನ ಬಾಗಿಲಿಗೆ ಉಗಿದಳು. ಅಡ್ಡ ಹೋದ ನನ್ನನ್ನು ಕೆಳಗೆ ಕೆಡವಿ ಎದೆಯ ಮೇಲೆ ಕೂತು ಹೊಡೆದಳು.

"ನಿನ್ನ ತಂಗಿ ನನ್ನ ಮನೆ ಹಾಳು ಮಾಡಿದ್ಲಲ್ಲೇ! ಅಂಗಳ ಒಣಗಬೇಕಿತ್ತಾ ಅವಳಿಗೆ, ಅಂಗಳ!"

ನಾನು ತಿರುಗಿ ಹೊಡೆಯಲಿಲ್ಲ. ಅವಳು ಹೊಡೆದು ಸುಸ್ತಾಗಿ ನನ್ನ ಮೇಲೆಯೇ ಬಿದ್ದು ಅತ್ತಳು. ಆಮೇಲೆ ಎದ್ದು ಹೋದಳು. ಅಂದಿನಿಂದ ಸಾಲಿನಲ್ಲಿ ಯಾರೂ ನಮ್ಮ ಜೊತೆ ಮಾತಾಡಲಿಲ್ಲ. ನಮ್ಮ ಜೊತೆ ತೂತು ಮುಚ್ಚಿದ ಮೆತ್ತುವವರೂ ಕೆಲಸ, ರೂಮು ಹೋಗುವ ಭಯಕ್ಕೆ ಮುಖ ತಿರುಗಿಸಿದರು. ಅವ್ವ ಕುಂಟುತ್ತಾ ನಲ್ಲಿಗೆ ಹೋದರೆ ಉಳಿದವರು ಕೊಡ ಎತ್ತಿಕೊಂಡು ಈಚೆ ಬರುತ್ತಿದ್ದರು.

ಒಡೆದ ಕಡೆ ಬಂಡೆ ಸುರಿದು ಹೊಸ ಕಾಂಕ್ರೀಟು ಹಾಕಿದರು. ಉಳಿದ ಅರ್ಧ ಗೋಡೆ ಹಾಗೇ ನಿಂತಿತ್ತು. ಅದರ ತೂತುಗಳೂ ಹಾಗೇ ಮುಚ್ಚಿದ್ದವು. ಅದರ ಕೆಳಗಿನ ರೂಮುಗಳಲ್ಲಿ ನಾವು ಉಳಿದವರಿದ್ದೆವು. ಅವ್ವ, ತಂಗಿಯ ಮಗು, ನಾನು. ಬೇರೆ ಎಲ್ಲಿಗೆ ಹೋಗುವುದು? ಗೋಡೆಯಲ್ಲಿ ಹೊಸ ಬಿರುಕುಗಳೆದ್ದಿದ್ದವು. ಹೊಂಡಕ್ಕೆ ಮತ್ತೆ ನೀರು ಬಿಡಲು ಶುರುಮಾಡಿ ಅರ್ಧ ತುಂಬಿಸಿದ್ದರು. ಇನ್ನರ್ಧ ತುಂಬಿಸಲು ಸರ್ಟಿಫಿಕೇಟ್ ಬೇಕಿತ್ತು. ಸಾಹೇಬರು ಈ ಸಲ ತಾವೇ ಬಂದು ಕಂಪ್ಯೂಟರಿನ ಪಕ್ಕ ಕೂರುತ್ತಾರೆಂದು ಸುದ್ದಿ ಬಂತು. ಕೂತು ನೋಡುವುದು ಫೋಟೋವನ್ನೇ.

ಮೇಸ್ತ್ರಿ ಬಕೆಟ್ಟು ತಂದು ನನ್ನ ಬಾಗಿಲ ಮುಂದೆ ಕುಕ್ಕಿದ.

"ಎದ್ದೇಳು. ಮಧ್ಯಾಹ್ನಕ್ಕೆ ಸಾಹೇಬ್ರು ಬರ್ತಾರೆ. ಹೊಸ ಬಿರುಕೆಲ್ಲ ಮೆತ್ತಬೇಕು. ಬುಡದ ತೂತುಗಳಿಗೆ ಇನ್ನೊಂದು ಕೈ ಎಳಿ, ಒದ್ದೆ ಕಾಣ್ತಿದೆ."

"ಮೆತ್ತಲ್ಲ," ಎಂದೆ.

"ಏನಂದೆ?"

"ಕಿವಿ ಕಿವುಡಾ? ಮೆತ್ತಲ್ಲ."

ಅವನು ನಕ್ಕ. "ಓಹೋ. ತಂಗಿ ಸತ್ತ ಮೇಲೆ ಅಕ್ಕನಿಗೆ ಬಾಯಿ ಬಂತು. ನಿಮ್ಮವ್ವ ಎಲ್ಲಿ ಮಲಗ್ತಾಳೆ, ಆ ಮಗು ಎಲ್ಲಿ ಮಲಗುತ್ತೆ, ನೆನಪಿದೆಯಾ? ಸಂಜೆಯೊಳಗೆ ಬೀದಿಗೆ ಎಸೀತೀನಿ."

"ಎಸಿ. ಬೀದೀಲಿ ಸತ್ರೆ ಬಾಯಲ್ಲಿ ಕೆಸರಿರಲ್ಲ."

ಅವನು ಬಕೆಟ್ಟು ಒದ್ದ. ಅರ್ಧ ಹಿಟ್ಟು ನನ್ನ ಕಾಲ ಮೇಲೆ ಚೆಲ್ಲಿತು. ಕಾಲು ಸುಟ್ಟಿತು. ಅಷ್ಟು ದಿನ ಒಳಗೆ ಏನು ಕುದಿಯುತ್ತಿತ್ತೋ ಅದು ಆಗ ಉಕ್ಕಿತು. ನಾನು ಒಳಗೆ ಹೋಗಿ ಹಾರೆ ತಂದೆ. ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದ. ಅವನನ್ನು ದಾಟಿ ಹೋಗಿ ಅವ್ವನ ಬಾಗಿಲಿನೆದುರಿನ ತೂತಿಗೆ ಹಾರೆ ಹಾಕಿದೆ. ನಾನೇ ನುಣ್ಣಗೆ ಮೆತ್ತಿದ ತೂತು. ಕುಟ್ಟಿದೆ. ಇಡೀ ಮೈಯ ಭಾರ ಹಾಕಿ ಕುಟ್ಟಿದೆ. ಮೆತ್ತಿಗೆ ಬಿರಿಯಿತು, ಕಲ್ಲು ಸಡಿಲವಾಯಿತು, ಬೂದು ನೀರು ಚಿಮ್ಮಿ ನನ್ನ ಎದೆಗೆ ಗುದ್ದಿತು. ನಾನು ಹಿಂದಕ್ಕೆ ಬಿದ್ದೆ.

ಮೇಸ್ತ್ರಿ ಬಂದು ಕತ್ತು ಹಿಡಿದು ನನ್ನ ಮುಖವನ್ನು ಆ ನೀರಿನ ಧಾರೆಗೆ ಒತ್ತಿದ. "ಕುಡಿ! ಕುಡೀಯೇ, ನಿನ್ನ ತಂಗಿ ಕುಡಿದ ಹಾಗೆ ಕುಡಿ!" ಮೂಗಿಗೆ, ಬಾಯಿಗೆ ನೀರು ನುಗ್ಗಿತು. ಉಸಿರು ಕಟ್ಟಿತು. ಕೈ ನೆಲದಲ್ಲಿ ತಡಕಾಡಿತು. ಬಕೆಟ್ಟು ಸಿಕ್ಕಿತು. ಮುಷ್ಟಿ ತುಂಬ ಹಿಟ್ಟು ಬಾಚಿ, ತಿರುಗಿ, ಅವನ ಬಯ್ಯುವ ಬಾಯಿಗೆ ತುರುಕಿದೆ. ಇನ್ನೊಂದು ಮುಷ್ಟಿ ತುರುಕಿದೆ. ಅಂಗೈಯಲ್ಲಿ ಒತ್ತಿ ಸವರಿದೆ. ಅವನು ಕಣ್ಣು ಮೇಲೆ ಮಾಡಿ ಒದ್ದಾಡಿದ. ಸುಣ್ಣಕ್ಕೆ ಅವನ ನಾಲಿಗೆ ಬೆಂದಿರಬೇಕು, ಪ್ರಾಣಿ ಕೂಗಿದ ಹಾಗೆ ಕೂಗಿದ.

"ನುಣ್ಣಗಿದೆಯಾ ಮೇಸ್ತ್ರಿ? ಗೆರೆ ಏನಾದ್ರೂ ಉಳೀತಾ?" ಎಂದು ಕೇಳಿದೆ. ನನಗೆ ಆ ಗಳಿಗೆ ತುಂಬಾ ಇಷ್ಟವಾಯಿತು. ಸುಳ್ಳು ಯಾಕೆ ಹೇಳಲಿ?

ಆಮೇಲೆ ಗಾರ್ಡುಗಳು ಬಂದರು. ದೊಣ್ಣೆಗಳು ಬಿದ್ದವು. ಬೆನ್ನಿಗೆ, ತೊಡೆಗೆ, ತಲೆ ಮುಚ್ಚಿಕೊಂಡ ಕೈಗಳಿಗೆ. ಕಿರುಬೆರಳು ಮುರಿದದ್ದು ಕೇಳಿಸಿತು. ಬಾಯಿಗೆ ಬಿದ್ದ ಏಟಿಗೆ ಮುಂದಿನ ಹಲ್ಲು ಅರ್ಧ ಹೋಯಿತು. ಅವ್ವ ಬಾಗಿಲಲ್ಲಿ ನಿಂತು ಬಾಯಿ ಬಡಿದುಕೊಳ್ಳುತ್ತಿದ್ದಳು. ಸಾಲಿನವರೆಲ್ಲ ಹೊರಗೆ ಬಂದು ನಿಂತಿದ್ದರು. ಯಾರೂ ಹತ್ತಿರ ಬರಲಿಲ್ಲ. ನಾನು ಕೊಲೆಗಾತಿಯ ಅಕ್ಕ ತಾನೆ.

ಪಕ್ಕದ ರೂಮಿನವಳು ಮಾತ್ರ ತೂತಿನಿಂದ ಚಿಮ್ಮುವ ನೀರನ್ನೇ ನೋಡುತ್ತಿದ್ದಳು. ನಿಧಾನವಾಗಿ ಬಂದು ಗಾರ್ಡುಗಳ ನಡುವೆ ತಲೆ ಹಾಕಿ ನನ್ನನ್ನು ಕೇಳಿದಳು:

"ಇದನ್ನ ಮುಚ್ಚಿದ್ದು ನಿನ್ನ ತಂಗೀನಾ?"

"ನಾನು," ಎಂದೆ ರಕ್ತ ಉಗಿಯುತ್ತಾ. "ಅದರ ಪಕ್ಕದ್ದನ್ನೂ. ಎಲ್ಲಾ ತೂತೂ ಮುಚ್ಚಿದೀವಿ. ಅವರೇ ಮುಂದೆ ನಿಂತು ಮುಚ್ಚಿಸಿದ್ದು. ನಂಬಿಕೆ ಇಲ್ದಿದ್ರೆ ಹಾರೆ ಅಲ್ಲಿದೆ."

ಅವಳು ಹಾರೆ ಎತ್ತಿಕೊಂಡಳು. ಅವಳ ಮುಖ ನೋಡಿ ಗಾರ್ಡುಗಳೇ ದಾರಿ ಬಿಟ್ಟರು. ಪಕ್ಕದ ತೂತಿಗೆ ಕುಟ್ಟಿದಳು. ನೀರು. ಅದರ ಪಕ್ಕದ್ದಕ್ಕೆ ಕುಟ್ಟಿದಳು. ನೀರು. ಪ್ರತಿ ಏಟಿಗೂ ಗಂಡನನ್ನು ಕಳೆದುಕೊಂಡ ಅಳುವೇ ಹೊರಗೆ ಬರುತ್ತಿತ್ತು. ಆಮೇಲೆ ಜನ ಮನೆಯೊಳಗಿಂದ ಸಿಕ್ಕಿದ್ದು ತಂದರು. ಸಲಾಕೆ, ಸೌಟು, ಕಲ್ಲು. ಅಂಗಳ ಮತ್ತೆ ಕೆಸರಾಯಿತು. ಆ ಕೆಸರನ್ನು ಯಾರೂ ಶಪಿಸಲಿಲ್ಲ.

ಅಷ್ಟರಲ್ಲಿ ಸಾಹೇಬರ ಕಾರು ಬಂತು. ಅಂಗಳದಾಚೆ ದಿಬ್ಬದ ಮೇಲೆ ಕೊಡೆಯ ಕೆಳಗೆ ಮೇಜು ಹಾಕಿ, ಪರದೆ ಇಟ್ಟು, ಕನ್ನಡಕದವನು ಕಾಯುತ್ತಿದ್ದ. ಮ್ಯಾನೇಜರು ನಮ್ಮನ್ನು ನೋಡಿ ಸಾಹೇಬರ ಕಡೆ ತಿರುಗಿ ಏನೋ ನಗುವ ಮಾತು ಹೇಳಿದರು. ಆಮೇಲೆ ಗಾರ್ಡುಗಳಿಗೆ ಕೂಗಿದರು.

"ಹೆಂಗಸರನ್ನ ಎಳೆದುಹಾಕ್ರೋ! ತೂತಿಗೆ ಏನಾದ್ರೂ ತುರುಕಿ ಮೆತ್ರಿ. ಬೆಳಕು ಹೋದ್ರೆ ಕ್ಯಾಮೆರಾ ಹಾರಲ್ಲ!"

ನೊಣ ಎದ್ದಿತು. ಗುಂಯ್ ಅನ್ನುತ್ತಾ ಗೋಡೆಯ ಕಡೆಗೆ ಬಂತು. ಅದರ ಸದ್ದು ಕೇಳಿದ್ದೇ ತಡ, ನನಗೆ ಆ ಬೂದು ಮಚ್ಚೆ ನೆನಪಾಯಿತು. ತಂಗಿ ಪರದೆಯಲ್ಲಿ ತನ್ನ ಮುಖ ಹುಡುಕಿದ್ದು ನೆನಪಾಯಿತು. ಎದ್ದು ನಿಲ್ಲಲು ಆಗಲಿಲ್ಲ. ತೆವಳಿ ಹೋಗಿ ಗೋಡೆ ಹಿಡಿದು ಎದ್ದೆ. ಬೆನ್ನನ್ನು ಗೋಡೆಗೆ ಕೊಟ್ಟು, ತೂತಿನ ನೀರನ್ನು ಮಂಡಿಗಳ ನಡುವೆ ಹರಿಯಲು ಬಿಟ್ಟು, ಎರಡೂ ಕೈ ಚಾಚಿ ನಿಂತೆ.

"ಬನ್ರೇ!" ಎಂದು ಕೂಗಿದೆ. "ಗೋಡೆಗೆ ಆನಿಕೊಂಡು ನಿಂತ್ಕೊಳ್ರಿ! ನಾವು ನಿಂತ್ರೆ ಅದಕ್ಕೆ ಗೋಡೆ ಕಾಣಲ್ಲ! ಗೋಡೆ ಕಾಣ್ಲಿಲ್ಲ ಅಂದ್ರೆ ಹಸಿರು ಇಲ್ಲ, ಹೊಂಡಕ್ಕೆ ನೀರು ಇಲ್ಲ!"

ಮೆತ್ತುವವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಅವರು ಆ ಪರದೆ ನೋಡಿದವರು. ಓಡಿ ಬಂದು ನನ್ನ ಎಡಕ್ಕೂ ಬಲಕ್ಕೂ ನಿಂತರು. ಪಕ್ಕದ ರೂಮಿನವಳು ಹಾರೆ ಬಿಸಾಕಿ ಬಂದು ನನ್ನ ಮುರಿದ ಬೆರಳಿನ ಕೈಯನ್ನೇ ಹಿಡಿದಳು. ನೋವಿಗೆ ಕಣ್ಣು ಕತ್ತಲೆಯಾಯಿತು. ಬಿಡು ಅನ್ನಲಿಲ್ಲ. ಕೆಲವರು ನಮ್ಮ ಹಳೆಯ ಹಗ್ಗ ಹತ್ತಿ ಮೇಲೆ ನೇತುಬಿದ್ದರು. ಬಂಡೆ ಸುರಿಯುವ ಕೆಲಸಕ್ಕೆ ಅಲ್ಲೇ ಉಳಿದಿದ್ದ ಯಂತ್ರದವನು ತನ್ನ ಯಂತ್ರದ ಬಕೆಟ್ಟಿನಲ್ಲಿ ಜನ ತುಂಬಿಕೊಂಡು ಗೋಡೆಯ ಎತ್ತರಕ್ಕೆ ಎತ್ತಿದ. ಅವ್ವ ಮುರಿದ ಸೊಂಟದಲ್ಲಿ ಮಗುವನ್ನೂ ಎಳೆದುಕೊಂಡು ಬಂದು ಸಾಲಿನ ತುದಿಯಲ್ಲಿ ಕೂತಳು.

ಗಾರ್ಡುಗಳು ಒಬ್ಬೊಬ್ಬರನ್ನೇ ಕಿತ್ತು ಎಸೆದರು. ಕೂದಲು ಹಿಡಿದು, ಕಾಲು ಹಿಡಿದು, ಬಟ್ಟೆ ಹರಿದು. ಎಸೆದವರು ಎದ್ದು ಬಂದು ಮತ್ತೆ ನಿಂತರು. ಒಬ್ಬಳ ತಲೆ ಗೋಡೆಗೆ ಬಡಿದು ಕಾಂಕ್ರೀಟಿನ ಮೇಲೆ ರಕ್ತದ ಗೆರೆ ಇಳಿಯಿತು. ಅವಳು ಅದರ ಮೇಲೆಯೇ ಬೆನ್ನು ಒತ್ತಿದಳು. ಒಬ್ಬ ಗಾರ್ಡು ನನ್ನ ಪಕ್ಕೆಗೆ ದೊಣ್ಣೆ ತಿವಿದ. ಒಳಗೆ ಏನೋ ಲಟಕ್ಕೆಂದಿತು. ಬೀಳದಂತೆ ನನ್ನನ್ನು ಎರಡೂ ಕಡೆಯ ಕೈಗಳು ಹಿಡಿದವು.

ದಿಬ್ಬದ ಮೇಲಿನಿಂದ ಕನ್ನಡಕದವನು ಪರದೆ ನೋಡಿ ಓದುತ್ತಿದ್ದ. ಬೇಕಾದದ್ದಕ್ಕಿಂತ ಜೋರಾಗಿ ಓದುತ್ತಿದ್ದ ಎಂದು ನನಗನ್ನಿಸಿತು. ಅಂದು ತಂಗಿಯ ಹೆಣದ ಮುಂದೆ ಬಾರದ ದನಿ ಈಗ ಬಂದಿತ್ತು.

"ಸರ್, ಗೋಡೆ ಸಿಗ್ತಿಲ್ಲ ಅಂತ ಬರ್ತಿದೆ. ಬುಡ ಪೂರ್ತಿ ಅಳಿಸಿಹೋಗಿದೆ. ಮಧ್ಯಾನೂ ಇಲ್ಲ. ರಿಪೋರ್ಟ್ ಆಗಲ್ಲ ಸರ್."

"ಅಳಿಸೋದನ್ನ ಆಫ್ ಮಾಡು!" ಎಂದರು ಮ್ಯಾನೇಜರು.

"ಮಾಡಿದ್ರೆ ಇವರೆಲ್ಲ ಕೆಂಪಾಗಿ ಬರ್ತಾರೆ ಸರ್. ಜಡೆ, ಬಟ್ಟೆ, ಕೈಕಾಲು, ಎಲ್ಲಾ ಬಿರುಕು ಅನ್ನುತ್ತೆ."

ಸಾಹೇಬರು ಎದ್ದರು. ಶೂಗಳಿಗೆ ಹತ್ತಿದ ಕೆಸರು ನೋಡಿಕೊಂಡರು. ಸೂರ್ಯ ಇಳಿಯುವುದನ್ನು ನೋಡಿದರು. "ಇವತ್ತು ಆಗಲ್ಲ. ಗೋಡೆ ಕಾಣದೆ ನಾನು ಸಹಿ ಹಾಕಲ್ಲ," ಎಂದು ಕಾರಿನ ಕಡೆ ನಡೆದರು. ಕರುಣೆ ಉಕ್ಕಿ ಹೇಳಿದ ಮಾತಲ್ಲ ಅದು. ನಾಳೆ ಇನ್ನೊಂದು ಗೋಡೆ ಬಿದ್ದರೆ ಅವರ ಕುತ್ತಿಗೆಗೆ ಬರುತ್ತದೆ, ಅಷ್ಟೆ. ನಮಗೆ ಅಷ್ಟೇ ಸಾಕಿತ್ತು.

ಮ್ಯಾನೇಜರಿಗೆ ತಲೆ ಕೆಟ್ಟಿತು. ಹಲಗೆ ಹಾಸಿಸಿಕೊಳ್ಳಲು ಮರೆತು ಕೆಸರಲ್ಲೇ ಓಡಿ ಬಂದರು. ಒಂದು ಶೂ ಕೆಸರಲ್ಲೇ ಉಳಿಯಿತು. ಬಂದವರೇ ನನ್ನ ಜಡೆ ಹಿಡಿದು ತಲೆಯನ್ನು ಗೋಡೆಗೆ ಬಡಿದರು. ಇನ್ನೊಂದು ಸಲ ಬಡಿದರು.

"ಈಚೆ ಬಾರೇ! ಬಾರೇ ಈಚೆ!"

ನೊಣ ನಮ್ಮಿಬ್ಬರ ಎದುರಿಗೇ ಬಂದು ನಿಂತು ಗುಂಯ್ ಅನ್ನುತ್ತಿತ್ತು. ದಿಬ್ಬದಿಂದ ಕನ್ನಡಕದವನು ಗಂಟಲು ಕಿತ್ತುಹೋಗುವಂತೆ ಕೂಗಿದ.

"ಸರ್, ಅಲ್ಲಿ ನಿಲ್ಬೇಡಿ ಸರ್! ನೀವೂ ಅಳಿಸಿಹೋಗಿದ್ದೀರ!"

ಅವರ ಕೈ ಸಡಿಲವಾಯಿತು. ಜಡೆ ಬಿಟ್ಟು, ಕತ್ತು ತಿರುಗಿಸಿ, ದೂರದ ಪರದೆಯ ಕಡೆ ನೋಡಿದರು. ಅಷ್ಟು ದೂರಕ್ಕೆ ಏನೂ ಕಾಣುತ್ತಿರಲಿಲ್ಲ. ಆದರೂ ತಮ್ಮ ಮುಖ ಅಲ್ಲಿದೆಯೇ ಎಂದು ಕಣ್ಣು ಕಿರಿದು ಮಾಡಿ ಹುಡುಕಿದರು.

ನನಗೆ ನಗು ಬಂತು. ನಕ್ಕರೆ ಪಕ್ಕೆಯಲ್ಲಿ ಕತ್ತಿ ಆಡಿದ ಹಾಗಾಯಿತು, ಮುರಿದ ಹಲ್ಲಿನಿಂದ ರಕ್ತ ಗಲ್ಲಕ್ಕೆ ಇಳಿಯಿತು. ತಂಗಿ ಇದ್ದಿದ್ದರೆ ಈಗ ಏನು ಹೇಳುತ್ತಿದ್ದಳು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಬಾಯಿಗೆ ಅವರು ಕೆಸರು ತುಂಬಿದ್ದರು. ನನ್ನ ಬಾಯಿ ಖಾಲಿಯಿತ್ತು. ಪಕ್ಕದವಳನ್ನು ಸ್ವಲ್ಪ ಆಚೆ ಸರಿಸಿ, ಗೋಡೆಗೆ ಆನಿ ನಿಲ್ಲುವಷ್ಟು ಜಾಗ ಮಾಡಿ, ನಾನೇ ಹೇಳಿದೆ:

"ನಾಚ್ಕೋಬೇಡಿ ಸಾರ್, ನಿಂತ್ಕೊಳ್ಳಿ. ಕಾಣದೆ ಇರೋವ್ರಿಗೆ ಇಲ್ಲಿ ಜಾಗ ಬೇಕಾದಷ್ಟಿದೆ."